ಮೊದಲ ಪತ್ರಿಕೆಯ ಭಾಷೆ: ಕನ್ನಡ ಸಂಶೋಧನೆಯ ಪ್ರವೇಶ ಮತ್ತು ಮೈಸೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳು

ಪಿಎಚ್.ಡಿ. ಪ್ರವೇಶಕ್ಕಾಗಿ ವಿಶ್ವವಿದ್ಯಾನಿಲಯಗಳು ತಾವೇ ನಡೆಸುವ ಪರೀಕ್ಷೆಯ ಬದಲಿಗೆ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ, ಎಂದರೆ ನೆಟ್‌ನ, ಅಂಕಗಳನ್ನು ಬಳಸಿಕೊಳ್ಳಬಹುದೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2024ರ ಮಾರ್ಚ್ ತಿಂಗಳಲ್ಲಿ ಪ್ರಕಟಿಸಿತು. ಅದರಂತೆ ನೆಟ್‌ನಲ್ಲಿ ತೇರ್ಗಡೆಯಾದವರು ಮೂರು ವರ್ಗಗಳಾಗಿ ವಿಂಗಡಣೆಗೊಳ್ಳುತ್ತಾರೆ. ಸಂಶೋಧನಾ ವೇತನಕ್ಕೂ ಅಧ್ಯಾಪನಕ್ಕೂ ಅರ್ಹರಾದವರದು ಮೊದಲನೆಯ ವರ್ಗ; ವೇತನವಿಲ್ಲದೆ ಅಧ್ಯಾಪನಕ್ಕೂ ಪಿಎಚ್.ಡಿ. ಪ್ರವೇಶಕ್ಕೂ ಅರ್ಹರಾದವರದು ಎರಡನೆಯದು, ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ ಅರ್ಹರಾದವರದು ಮೂರನೆಯದು. ಕೊನೆಯ ಎರಡು ವರ್ಗದವರ ಪ್ರವೇಶದಲ್ಲಿ ನೆಟ್ ಅಂಕಗಳಿಗೆ ಶೇ. 70, ಸಂದರ್ಶನಕ್ಕೆ ಶೇ. 30ರಷ್ಟು ತೂಕ. ದೇಶಕ್ಕೆಲ್ಲ ಒಂದೇ ಪರೀಕ್ಷೆ ಇರಲಿ, ವಿದ್ಯಾರ್ಥಿಗಳು ಅರ್ಜಿ ಹಿಡಿದು ಊರೂರು ಅಲೆಯುವುದು ತಪ್ಪಲಿ ಎಂಬ ಸಮರ್ಥನೆ ಮೇಲ್ನೋಟಕ್ಕೆ ಒಪ್ಪತಕ್ಕದ್ದೇ. ಆದರೆ ಕನ್ನಡವನ್ನು ವಿಷಯವಾಗಿ ಓದಿದವರ ಮಟ್ಟಿಗೆ ಈ ವ್ಯವಸ್ಥೆಯ ಅರ್ಥವೇನೆಂಬುದನ್ನು ಕನ್ನಡ ವಿಭಾಗಗಳು ಬಿಡಿಸಿ ನೋಡಬೇಕಾಗಿದೆ.

ನೆಟ್‌ನಲ್ಲಿ ಎರಡು ಪತ್ರಿಕೆಗಳು. ಎಲ್ಲ ವಿಷಯದವರಿಗೂ ಸಾಮಾನ್ಯವಾದ ಮೊದಲ ಪತ್ರಿಕೆಯಲ್ಲಿ 50 ಪ್ರಶ್ನೆಗಳು, 100 ಅಂಕಗಳು. ಆಯಾ ವಿಷಯದ ಎರಡನೆಯ ಪತ್ರಿಕೆಯಲ್ಲಿ 100 ಪ್ರಶ್ನೆಗಳು, 200 ಅಂಕಗಳು. ಕನ್ನಡದ ಅಭ್ಯರ್ಥಿಗಳಿಗೆ ಎರಡನೆಯ ಪತ್ರಿಕೆ ಕನ್ನಡದಲ್ಲಿರುತ್ತದೆ. ಮೊದಲನೆಯದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಅಂದರೆ ಒಟ್ಟು ಅಂಕಗಳ ಮೂರನೆಯ ಒಂದು ಪಾಲನ್ನು ಕನ್ನಡ ಸಂಶೋಧನಾರ್ಥಿಯು ಕನ್ನಡದ ಹೊರಗೆ ನಿಂತು ಗಳಿಸಬೇಕು. ಬೋಧನಾ ಸಾಮರ್ಥ್ಯ, ಸಂಶೋಧನಾ ಸಾಮರ್ಥ್ಯ, ಸಂವಹನ, ಗಣಿತೀಯ ತರ್ಕ, ಅಂಕಿಅಂಶಗಳ ವಿಶ್ಲೇಷಣೆ, ಮಾಹಿತಿ ತಂತ್ರಜ್ಞಾನ, ಪರಿಸರ, ಉನ್ನತ ಶಿಕ್ಷಣ ವ್ಯವಸ್ಥೆ ಇವೆಲ್ಲ ಅಲ್ಲಿ ಪ್ರಶ್ನೆಗಳಾಗುತ್ತವೆ. ಜೊತೆಗೆ ಒಂದು ಗದ್ಯಭಾಗ ಕೊಟ್ಟು ಅಭ್ಯರ್ಥಿಯ ಗ್ರಹಣಶಕ್ತಿಯನ್ನು ಅಳೆಯಲಾಗುತ್ತದೆ. ಕನ್ನಡ ಪಠ್ಯಗಳನ್ನು ಓದುವುದೇ ವೃತ್ತಿಯಾಗಲಿರುವ ವ್ಯಕ್ತಿಯ ಓದಿನ ಶಕ್ತಿಯನ್ನು ಇಂಗ್ಲಿಷ್ ಅಥವಾ ಹಿಂದಿ ಗದ್ಯದಿಂದ ಅಳೆಯುವುದರ ತರ್ಕ ಅರ್ಥವಾಗುವಂತಿಲ್ಲ. ತರ್ಕದ ಮಾತು ಬಂದುದರಿಂದ ಇನ್ನೊಂದು ಸಂಗತಿ: ಈ ಪತ್ರಿಕೆಯ ಪಠ್ಯಕ್ರಮದಲ್ಲಿ ಭಾರತೀಯ ತರ್ಕಶಾಸ್ತ್ರವೂ ಸೇರಿದೆ. ಪ್ರತ್ಯಕ್ಷ, ಅನುಮಾನ, ಉಪಮಾನ, ವ್ಯಾಪ್ತಿ, ಹೇತ್ವಾಭಾಸ ಇವು ಕಾವ್ಯಮೀಮಾಂಸೆಯ ತರಗತಿಯಲ್ಲಿ ಮಹಿಮಭಟ್ಟನ ಅನುಮಾನವಾದವನ್ನು ಕೇಳಿದ ಕನ್ನಡ ವಿದ್ಯಾರ್ಥಿಗೆ ಪರಿಚಿತ ಪದಗಳೇ. ತನಗೆ ಗೊತ್ತಿರುವುದನ್ನು ಇಂಗ್ಲಿಷ್ ಲಿಪಿಯಲ್ಲಿ ಗುರುತು ಹಿಡಿಯಲಾಗದೆ ಆ ವಿದ್ಯಾರ್ಥಿ ಅಲ್ಲಿ ಎಡವಬಹುದು.

ಕನ್ನಡದಲ್ಲಿ ಇಂತಹ ಪತ್ರಿಕೆಯನ್ನು ಸಿದ್ಧಪಡಿಸುವುದು ಅಸಾಧ್ಯವೆಂದು ಹೇಳುವಂತಿಲ್ಲ. ಅಧ್ಯಾಪಕ ಹುದ್ದೆಯ ಅರ್ಹತೆಗಾಗಿ ರಾಜ್ಯ ಮಟ್ಟದಲ್ಲಿ ನಡೆಯುವ ಕೆ-ಸೆಟ್ ಪರೀಕ್ಷೆಯ ಮೊದಲ ಪತ್ರಿಕೆ ನೆಟ್‌ನ ಪಠ್ಯಕ್ರಮವನ್ನೇ ಅನುಸರಿಸುತ್ತದೆ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಮುದ್ರಣಗೊಳ್ಳುತ್ತದೆ. ಈ ಪರೀಕ್ಷೆಯನ್ನು ಹಲವು ವರ್ಷ ನಡೆಸಿದ್ದು ಮೈಸೂರು ವಿಶ್ವವಿದ್ಯಾನಿಲಯವೇ. 2023ರಿಂದ ಆ ಹೊಣೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ ಹೋಗಿದೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು 2017ರಿಂದ, ಇಂಜಿನಿಯರಿಂಗ್ ಪ್ರವೇಶದ ಜೆಇಇ ಮೇನ್ ಪರೀಕ್ಷೆಯನ್ನು 2021ರಿಂದ ಕನ್ನಡದಲ್ಲಿ ಬರೆಯಲು ಅವಕಾಶವಾಯಿತು. ವೈದ್ಯನಾಗಬಯಸುವವನು ಭೌತಶಾಸ್ತ್ರದ ಪ್ರಶ್ನೆಯನ್ನು ಕನ್ನಡದಲ್ಲಿ ಓದಬಹುದು. ಪಂಪನ ಮೇಲೆ ಪ್ರಬಂಧ ಬರೆಯಬಯಸುವವನಿಗೆ ಮೊದಲ ಪತ್ರಿಕೆಯಲ್ಲಿ ಆ ಭಾಗ್ಯವಿಲ್ಲ. ಇದಕ್ಕಿಂತ ವಿಚಿತ್ರವಾದ ಸಂಗತಿ ಉನ್ನತ ಶಿಕ್ಷಣದಲ್ಲಿ ಇನ್ನೊಂದಿರಲಾರದು.

ಈ ಅಡ್ಡಿ ನಗರದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬಂದ ಕನ್ನಡ ವಿದ್ಯಾರ್ಥಿಗೆ ಅಷ್ಟಾಗಿ ತಾಗುವುದಿಲ್ಲ. ಯಾರಿಗೆ ತಾಗುತ್ತದೆಂದು ತಿಳಿಯಲು ಮೈಸೂರು ನಗರದ ಪಶ್ಚಿಮಕ್ಕೆ ಅರ್ಧಚಂದ್ರದಂತೆ ಹರಡಿಕೊಂಡಿರುವ ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಕಡೆ ನೋಡಬೇಕು. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಊರಿನ ಕನ್ನಡ ಶಾಲೆ, ಹೋಬಳಿಯ ಪ್ರೌಢಶಾಲೆ, ತಾಲ್ಲೂಕು ಕೇಂದ್ರದ ಪದವಿಪೂರ್ವ ಕಾಲೇಜು, ಅಲ್ಲಿಯೇ ಬಿ.ಎ., ಬಳಿಕ ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಇದು ಈ ಭಾಗದ ಅನೇಕರು ನಡೆದ ದಾರಿ. ಇಂಗ್ಲಿಷ್ ಈ ದಾರಿಯುದ್ದಕ್ಕೂ ಒಂದು ಪಠ್ಯವಿಷಯವಾಗಿ ಇತ್ತೇ ವಿನಾ ಜ್ಞಾನ ಪಡೆಯುವ ಭಾಷೆಯಾಗಿ ಎಂದೂ ಒದಗಿಬರಲಿಲ್ಲ.

ದೂರವೂ ನಾಲ್ಕು ತಾಲ್ಲೂಕುಗಳಿಗೆ ಒಂದೇ ರೀತಿಯದಲ್ಲ. ಮೈಸೂರು-ಅರಸೀಕೆರೆ ರೈಲುದಾರಿಯಲ್ಲಿರುವ ಕೃಷ್ಣರಾಜನಗರದ ವಿದ್ಯಾರ್ಥಿ ದಿನವೂ ಮೈಸೂರಿಗೆ ಹೋಗಿಬರಬಲ್ಲ. ಉಳಿದ ಮೂರು ತಾಲ್ಲೂಕು ಕೇಂದ್ರಗಳಿಗೆ ರೈಲಿಲ್ಲ. ಹುಣಸೂರು ಸುಮಾರು 45 ಕಿ.ಮೀ. ದೂರದಲ್ಲಿದ್ದು ಹೆದ್ದಾರಿಯ ಮೇಲಿರುವುದರಿಂದ ಬಸ್ಸಿನ ಅನುಕೂಲವಿದೆ. ಪಿರಿಯಾಪಟ್ಟಣ ಅದಕ್ಕೂ ಆಚೆ. ಹೆಗ್ಗಡದೇವನಕೋಟೆಯ ಕಾಡಂಚಿನ ಹಳ್ಳಿಗಳಿಂದ ಮೈಸೂರಿಗೆ ಬರುವುದೆಂದರೆ ಎರಡು ಬಸ್ಸು ಬದಲಿಸುವುದು, ಸಂಜೆಯ ಕೊನೆಯ ಬಸ್ಸು ತಪ್ಪಿದರೆ ಪೇಟೆಯಲ್ಲಿಯೇ ಉಳಿಯುವುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ವಿದ್ಯಾರ್ಥಿನಿಯರ ಬಸ್ ಖರ್ಚು ಇಲ್ಲವಾದುದು ಸಣ್ಣ ಸಂಗತಿಯೇನಲ್ಲ. ಆದರೆ ಗ್ರಂಥಾಲಯದಲ್ಲಿ ಸಂಜೆಯವರೆಗೆ ಕೂರುವ ಅವಕಾಶವನ್ನು ಉಚಿತ ಟಿಕೆಟ್ಟು ಕೊಡಲಾರದು. ಅದಕ್ಕೆ ವಿದ್ಯಾರ್ಥಿನಿಲಯದಲ್ಲಿ ಒಂದು ಮಂಚ ಬೇಕು.

ಇದರ ಜೊತೆ ಬೇಸಾಯದ ಕಾಲಚಕ್ರವೂ ಸೇರಿಕೊಳ್ಳುತ್ತದೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳು ವರ್ಜೀನಿಯಾ ಹೊಗೆಸೊಪ್ಪಿನ ನಾಡು. ಮುಂಗಾರಿನಲ್ಲಿ ನಾಟಿ, ಮಳೆಗಾಲದ ಮಧ್ಯದಿಂದ ಸೊಪ್ಪು ಮುರಿದು ಬ್ಯಾರನ್‌ಗಳಲ್ಲಿ ಹದಗೊಳಿಸುವ ಕೆಲಸ, ಹರಾಜು ಮಾರುಕಟ್ಟೆ ತೆರೆಯುವ ಹೊತ್ತಿಗೆ ಮಳೆಗಾಲ ಮುಗಿಯುತ್ತ ಬಂದಿರುತ್ತದೆ. ಮನೆಗೆ ಹಣ ಬರುವುದು ಆಮೇಲೆ. ಸ್ನಾತಕೋತ್ತರ ಪ್ರವೇಶದ ಅರ್ಜಿ, ಶುಲ್ಕ, ಊಟದ ಮುಂಗಡ ಇವು ಹರಾಜಿಗಾಗಿ ಕಾಯುವುದಿಲ್ಲ. ಬ್ಯಾರನ್ನಿಗೆ ರಾತ್ರಿಯೆಲ್ಲ ಬೆಂಕಿ ಕಾಯುವ ಮನೆಯ ಮಗ ಅಥವಾ ಮಗಳು ಅದೇ ವಾರಗಳಲ್ಲಿ ಅರ್ಜಿಯನ್ನೂ ತುಂಬಬೇಕು. ಅರ್ಜಿಯೂ ಈಗ ಕಾಗದದ ಮೇಲಿಲ್ಲ. 2021-22ರ ಸುಮಾರಿಗೆ ರಾಜ್ಯದ ವಿಶ್ವವಿದ್ಯಾನಿಲಯಗಳು ಒಂದೇ ಗಣಕ ವ್ಯವಸ್ಥೆಗೆ ಬಂದ ಮೇಲೆ ಎಲ್ಲವೂ ಯುಯುಸಿಎಂಎಸ್ ಜಾಲತಾಣದ ಮೂಲಕ. ಮೊಬೈಲಿಗೆ ಸಂಕೇತ ಸಿಗದ ಊರಿನಲ್ಲಿ ಪ್ರವೇಶವೆಂಬುದು ತಾಲ್ಲೂಕು ಕೇಂದ್ರದ ಸೈಬರ್ ಅಂಗಡಿಯ ಮುಂದಿನ ಸಾಲಿನಿಂದಲೇ ಶುರುವಾಗುತ್ತದೆ.

ಉನ್ನತ ಶಿಕ್ಷಣದ ಪ್ರವೇಶವನ್ನು ಕುರಿತ ವಾಗ್ವಾದಕ್ಕೆ ಮೈಸೂರು ಸೀಮೆಯಲ್ಲಿ ದೀರ್ಘ ಚರಿತ್ರೆಯಿದೆ. ವಿಶ್ವವಿದ್ಯಾನಿಲಯ 1916ರ ಜುಲೈನಲ್ಲಿ ಸ್ಥಾಪನೆಯಾಯಿತು. ಅದಾದ ಎರಡೇ ವರ್ಷಕ್ಕೆ, 1918ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿಯನ್ನು ನೇಮಿಸಿದರು. ವರದಿ 1919ರಲ್ಲಿ ಬಂತು. ಆ ಪ್ರಶ್ನೆ ಪ್ರಧಾನವಾಗಿ ಸರ್ಕಾರಿ ಹುದ್ದೆಗಳಿಗೆ ಸಂಬಂಧಿಸಿದ್ದಾದರೂ ಹುದ್ದೆಗೆ ದಾರಿ ಕಾಲೇಜಿನ ಮೂಲಕವೇ ಇತ್ತೆಂಬುದರಲ್ಲಿ ಸಂದೇಹವಿಲ್ಲ. ವಿಶ್ವವಿದ್ಯಾನಿಲಯವನ್ನು ಕಟ್ಟಿದ ದಿವಾನ್ ವಿಶ್ವೇಶ್ವರಯ್ಯನವರು ಪ್ರತಿಭೆಯ ಪಕ್ಷ ವಹಿಸಿದರು, ಮಹಾರಾಜರು ಪ್ರಾತಿನಿಧ್ಯದ ಪಕ್ಷ ವಹಿಸಿದರು ಎಂದು ಈ ಪ್ರಸಂಗವನ್ನು ಸರಳಗೊಳಿಸಿ ಹೇಳುವ ರೂಢಿಯಿದೆ. ಇಬ್ಬರೂ ಅದೇ ಸಂಸ್ಥೆಯ ಸ್ಥಾಪಕರೆಂಬುದು ಗಮನಾರ್ಹ. ಸಂಸ್ಥೆಯ ಹುಟ್ಟಿನಲ್ಲಿಯೇ ಈ ಎರಡು ಎಳೆಗಳು ಹೆಣೆದುಕೊಂಡಿವೆ.

ಎರಡನೆಯ ಘಟ್ಟ 1962ರದು. ಅಂದಿನ ಮೈಸೂರು ಸರ್ಕಾರ ಆ ವರ್ಷದ ಜುಲೈನಲ್ಲಿ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಶೇ. 68ರಷ್ಟು ಸ್ಥಾನಗಳನ್ನು ಮೀಸಲಿಟ್ಟು ಆದೇಶ ಹೊರಡಿಸಿತು. ಎಂ.ಆರ್. ಬಾಲಾಜಿ ಪ್ರಕರಣವೆಂದು ಹೆಸರಾದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದೇ ಸೆಪ್ಟೆಂಬರ್‌ನಲ್ಲಿ ಅದನ್ನು ಅಸಿಂಧುಗೊಳಿಸಿತು. ಆ ತೀರ್ಪಿನಿಂದ ಲೋಕ ನೆನಪಿಟ್ಟುಕೊಂಡದ್ದು ಒಂದು ಸಂಖ್ಯೆಯನ್ನು: ಮೀಸಲಾತಿ ಅರ್ಧವನ್ನು ಮೀರಬಾರದು. ಅದೇ ತೀರ್ಪಿನ ಇನ್ನೊಂದು ಮಾತು ಮರೆವಿಗೆ ಸಂದಿದೆ. ಹಿಂದುಳಿದಿರುವಿಕೆಯನ್ನು ಜಾತಿಯೊಂದರಿಂದಲೇ ಅಳೆಯಲಾಗದು, ಕಸುಬು ಮತ್ತು ವಾಸದ ಸ್ಥಳವೂ ಅದರಲ್ಲಿ ಸೇರುತ್ತವೆ, ಸಾಮಾಜಿಕ ಹಿಂದುಳಿದಿರುವಿಕೆಯ ಸಮಸ್ಯೆ ತತ್ವಶಃ ಗ್ರಾಮೀಣ ಭಾರತದ ಸಮಸ್ಯೆ ಎಂಬ ಅಭಿಪ್ರಾಯವನ್ನು ನ್ಯಾಯಾಲಯ ಅಲ್ಲಿ ವ್ಯಕ್ತಪಡಿಸಿತ್ತು. ಜಾತಿಯ ವಾಸ್ತವವನ್ನು ಅಲ್ಲಗಳೆಯಲು ಈ ಮಾತನ್ನು ಬಳಸಿಕೊಂಡವರೂ ಉಂಟು, ಅದು ಸಲ್ಲದು. ಜಾತಿಯ ಜೊತೆಗೆ ಸ್ಥಳವನ್ನೂ ಎಣಿಸಬೇಕೆಂಬ ಓದು ಮಾತ್ರ ಇಂದಿಗೂ ಪ್ರಸ್ತುತ. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಪ್ರತಿಯೊಂದು ಪ್ರವರ್ಗದ ಒಳಗೂ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5ರಷ್ಟು ಸ್ಥಾನಗಳನ್ನು ಕಾದಿರಿಸಿರುವುದು ಈ ಬಗೆಯ ಓದಿನಿಂದಲೇ ಸಾಧ್ಯವಾದದ್ದು. ಹಾಗೆ ಇಂಜಿನಿಯರಿಂಗ್ ಕಾಲೇಜಿನ ಬಾಗಿಲಲ್ಲಿ ಕನ್ನಡ ಮಾಧ್ಯಮಕ್ಕೆ ಒಂದು ಮನ್ನಣೆಯಿದೆ. ಕನ್ನಡ ಸಂಶೋಧನೆಯ ಬಾಗಿಲಲ್ಲಿ ನೆಟ್ ಅಂಥದೇನನ್ನೂ ಕೊಡುವುದಿಲ್ಲ.

ಈ ಚರಿತ್ರೆಯ ಮೂರನೆಯ ಘಟ್ಟ ಹುಣಸೂರಿನದೇ. ತಾಲ್ಲೂಕಿನ ಕಲ್ಲಹಳ್ಳಿ ಕನ್ನಡ ಅಧ್ಯಾಪಕರಿಗೆ ಮೂರನೆಯ ಮಂಗರಸನ ಊರಾಗಿ ಪರಿಚಿತ. 16ನೆಯ ಶತಮಾನದ ಆರಂಭದಲ್ಲಿ 'ಸಮ್ಯಕ್ತ್ವ ಕೌಮುದಿ', 'ಸೂಪಶಾಸ್ತ್ರ'ಗಳನ್ನು ಬರೆದವನು ಅವನು. ಅದೇ ಕಲ್ಲಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಡಿ. ದೇವರಾಜ ಅರಸು ಮುಖ್ಯಮಂತ್ರಿಯಾದ ವರ್ಷವೇ, 1972ರಲ್ಲಿ, ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ನೇಮಕವಾಯಿತು. 1975ರಲ್ಲಿ ವರದಿ ಸಲ್ಲಿಕೆಯಾಯಿತು. ಹಾವನೂರು ವರದಿಯ ಚರ್ಚೆಯಲ್ಲಿ ಶೇಕಡಾವಾರು ಲೆಕ್ಕಕ್ಕೆ ಸಿಕ್ಕ ಪ್ರಾಶಸ್ತ್ಯ ಅರಸು ಕಾಲದ ವಿದ್ಯಾರ್ಥಿನಿಲಯಗಳಿಗೆ ಸಿಗುವುದಿಲ್ಲ. ವಾಸ್ತವದಲ್ಲಿ ಹಳ್ಳಿಯ ಹುಡುಗನನ್ನು ಪೇಟೆಯ ಕಾಲೇಜಿನಲ್ಲಿ ಹಿಡಿದು ನಿಲ್ಲಿಸಿದ್ದು ಹಾಸ್ಟೆಲಿನ ಅನ್ನ. ಹುಣಸೂರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇಂದು ಅರಸು ಅವರ ಹೆಸರನ್ನು ಹೊತ್ತಿದೆ. ಅಲ್ಲಿ ಐಚ್ಛಿಕ ಕನ್ನಡ ಓದುವ ವಿದ್ಯಾರ್ಥಿಗೆ ಸಂಶೋಧನೆಯ ದಾರಿ ಎಷ್ಟು ತೆರೆದಿದೆ ಎಂಬುದು ಆ ಹೆಸರಿನ ಜೊತೆಗೇ ಕೇಳಬೇಕಾದ ಪ್ರಶ್ನೆ.

ಹೆಗ್ಗಡದೇವನಕೋಟೆಯ ಸ್ಥಿತಿ ಇನ್ನಷ್ಟು ಸೂಕ್ಷ್ಮ. ಈ ಸೀಮೆ ಕನ್ನಡ ಪಠ್ಯಕ್ರಮದೊಳಗೆ ಬಹಳ ಹಿಂದೆಯೇ ಪ್ರವೇಶ ಪಡೆದಿದೆ. ಗಂಡನ ಮರಣದ ಸುದ್ದಿ ಕೇಳಿ ತಂದೆತಾಯಿಯರ ಮಾತನ್ನೂ ಮೀರಿ ಚಿತೆಯೇರಿದ ದೇಕಬ್ಬೆಯ ಕಥೆಯನ್ನು ಹೇಳುವ 1057ರ ಬೆಳತೂರು ಶಾಸನ ಈ ಸೀಮೆಯದು. ಅದರ ಪದ್ಯಗಳ ಸೊಗಸನ್ನು ವಿವರಿಸದ ಶಾಸನಸಾಹಿತ್ಯದ ತರಗತಿ ವಿರಳ. ಹಾಡಿಗಳ ಜೇನುಕುರುಬರು ಮತ್ತು ಕಾಡುಕುರುಬರ ಹಾಡು, ಕಥೆ, ಆಚರಣೆಗಳೂ ಜಾನಪದ ಅಧ್ಯಯನಕ್ಕೆ ವಸ್ತುವಾಗಿವೆ. ನಾಗರಹೊಳೆ ಅರಣ್ಯದಿಂದ ಆದಿವಾಸಿಗಳನ್ನು ಹೊರಹಾಕಿದ ಪ್ರಶ್ನೆಯನ್ನು ಪರಿಶೀಲಿಸಿ ಉಚ್ಚ ನ್ಯಾಯಾಲಯಕ್ಕೆ 2014ರಲ್ಲಿ ವರದಿ ಕೊಟ್ಟ ಸಮಿತಿಗೆ ಮುಖ್ಯಸ್ಥರಾಗಿದ್ದವರು ಮಾನಸಗಂಗೋತ್ರಿಯ ಪ್ರಾಧ್ಯಾಪಕರಾಗಿದ್ದ ಮುಜಾಫರ್ ಅಸ್ಸಾದಿ. ಹೀಗೆ ಹಾಡಿಯು ಸಂಶೋಧನೆಯ ವಸ್ತುವಾಗಿ ವಿಶ್ವವಿದ್ಯಾನಿಲಯಕ್ಕೆ ಬಂದಷ್ಟು ಸಲೀಸಾಗಿ ಹಾಡಿಯ ಮಗು ಸಂಶೋಧಕನಾಗಿ ಬರಲಾಗಿಲ್ಲ. ಆಶ್ರಮಶಾಲೆಯಲ್ಲಿ ಓದು ಆರಂಭಿಸುವ ಜೇನುಕುರುಬರ ಮಗುವಿಗೆ ಮನೆಯ ಮಾತು ಜೇನುನುಡಿ. ಶಾಲೆಯ ಶಿಷ್ಟ ಕನ್ನಡವೇ ಒಂದು ಹೊಸ ಭಾಷೆ. ಆ ಕನ್ನಡವನ್ನು ಗೆದ್ದುಕೊಂಡು, ಎಂ.ಎ. ತನಕ ಏರಿ, ತನ್ನ ಜನರ ಹಾಡನ್ನು ತಾನೇ ವಿಶ್ಲೇಷಿಸಬಲ್ಲ ಹಂತಕ್ಕೆ ಬಂದ ವಿದ್ಯಾರ್ಥಿನಿಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಅಲ್ಲಿ ಆಕೆಯೆದುರು ನಿಲ್ಲುವುದು ಮೂರನೆಯ ಭಾಷೆಯ ಗದ್ಯಭಾಗ. ಸಂಶೋಧನಾ ವೇತನವೂ ಅದೇ ಪರೀಕ್ಷೆಗೆ ಗಂಟುಹಾಕಿಕೊಂಡಿದೆ. 2023ರಿಂದ ತಿಂಗಳಿಗೆ 37,000 ರೂಪಾಯಿಯಾಗಿರುವ ಆ ವೇತನವಿಲ್ಲದೆ ಹಾಡಿಯಿಂದ ಬಂದವಳು ಮೈಸೂರಿನಲ್ಲಿ ವರ್ಷಗಟ್ಟಲೆ ಉಳಿದು ಬರೆಯುವುದು ಸುಲಭವಲ್ಲ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವೇನಲ್ಲ. ಕನ್ನಡದಲ್ಲಿ ಪಿಎಚ್.ಡಿ.ಗಳು ಹೆಚ್ಚಾಗಿವೆ, ಗುಣಮಟ್ಟ ಕುಸಿದಿದೆ, ಹಳಗನ್ನಡದ ಒಂದು ಕಂದವನ್ನು ತಪ್ಪಿಲ್ಲದೆ ಓದಲಾರದವರೂ ಮಹಾಪ್ರಬಂಧ ಸಲ್ಲಿಸುತ್ತಿದ್ದಾರೆ, ಇಂತಹ ಹೊತ್ತಿನಲ್ಲಿ ಬಾಗಿಲನ್ನು ಇನ್ನಷ್ಟು ಅಗಲಿಸುವುದೇ ಎಂಬ ಮಾತು ವಿಭಾಗಗಳ ಒಳಗಿನಿಂದಲೇ ಕೇಳಿಬರುತ್ತದೆ. ಅದರಲ್ಲಿ ಸತ್ಯವಿದೆ. ವಿಶ್ವವಿದ್ಯಾನಿಲಯಗಳು ತಾವೇ ನಡೆಸುವ ಪ್ರವೇಶ ಪರೀಕ್ಷೆಗಳ ಬಗ್ಗೆ, ಸಂದರ್ಶನಗಳ ಬಗ್ಗೆ ಇರುವ ಅನುಮಾನಗಳನ್ನೂ ಮುಚ್ಚಿಡಬೇಕಾಗಿಲ್ಲ. ಗುರುಗಳ ಪರಿಚಯವಿದ್ದವರಿಗೆ ದಾರಿ ಸುಗಮ ಎಂಬ ದೂರು ಹಳೆಯದು. ಹಾಗಿದ್ದರೂ, ಕಂದವನ್ನು ಓದಲಾರದವರನ್ನು ತಡೆಯಬೇಕೆಂದರೆ ಕಂದವನ್ನೇ ಓದಿಸಿ ನೋಡಬೇಕು. ಮೊದಲ ಪತ್ರಿಕೆ ಅದನ್ನು ಮಾಡುವುದಿಲ್ಲ. ಬೆಳತೂರು ಶಾಸನವನ್ನು ಬಾಯಿಪಾಠವಾಗಿ ಹೇಳಿ ಅದರ ಛಂದಸ್ಸನ್ನು ಬಿಡಿಸಬಲ್ಲವನನ್ನು ಹೊರಗೆ ನಿಲ್ಲಿಸಿ, ಕೋಷ್ಟಕದ ಲೆಕ್ಕವನ್ನು ಇಂಗ್ಲಿಷಿನಲ್ಲಿ ಬೇಗ ಓದಿಕೊಂಡವನನ್ನು ಅದು ಒಳಗೆ ಕರೆಯಬಹುದು.

ಸಂಶೋಧಕನಿಗೆ ಇಂಗ್ಲಿಷ್ ಬೇಡವೇ ಎಂಬುದು ಇನ್ನೊಂದು ಆಕ್ಷೇಪ. ಬೇಕು, ಖಂಡಿತ ಬೇಕು. ಈ ತಾಲ್ಲೂಕುಗಳ ಶಾಸನಗಳನ್ನು ಓದಲು ಹೊರಟವರು ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಇಂಗ್ಲಿಷ್ ಪೀಠಿಕೆಗಳನ್ನು ಬಿಟ್ಟು ಮುಂದೆ ಹೋಗಲಾರರು. ಕಿಟೆಲ್ ನಿಘಂಟಿನ ಅರ್ಥವಿವರಣೆಯೂ ಇಂಗ್ಲಿಷಿನದೇ. ಆದರೆ ಸಂಶೋಧನೆಗೆ ಸಲಕರಣೆಯಾಗಿ ಬೇಕಾದ ಭಾಷೆಯನ್ನು ಕಲಿಸುವ ಜಾಗ ಒಂದಿದೆ. ಪಿಎಚ್.ಡಿ.ಗೆ ಸೇರಿದವರು ಕಡ್ಡಾಯವಾಗಿ ಮುಗಿಸಬೇಕಾದ ಕೋರ್ಸ್‌ವರ್ಕ್ ಇರುವುದೇ ಇಂತಹುದಕ್ಕೆ. ಅಲ್ಲಿ ರೈಸ್‌ನ ಒಂದು ಪೀಠಿಕೆಯನ್ನು ಇಡಿಯಾಗಿ ಓದಿಸಿದರೆ ಒಂದು ವರ್ಷದ ತರಬೇತಿ ಕೇಂದ್ರದ ಮಾರ್ಗದರ್ಶಿಗಿಂತ ಹೆಚ್ಚು ಪ್ರಯೋಜನವಾದೀತು. ಒಳಗೆ ಬಂದ ಮೇಲೆ ಕಲಿಸಬೇಕಾದುದನ್ನು ಬಾಗಿಲಲ್ಲೇ ಕೇಳುತ್ತ ನಿಲ್ಲುವುದು ಅಧ್ಯಾಪಕ ವೃತ್ತಿಗೆ ಶೋಭೆ ತರುವುದಿಲ್ಲ.

ಹೊಸ ವಿಶ್ವವಿದ್ಯಾನಿಲಯಗಳನ್ನು ತೆರೆಯುವುದೇ ಪರಿಹಾರವೆಂಬ ನಂಬಿಕೆಯ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರಗಳಾಗಿದ್ದ ಹಾಸನ, ಚಾಮರಾಜನಗರ ಮೊದಲಾದವು ಪ್ರತ್ಯೇಕ ವಿಶ್ವವಿದ್ಯಾನಿಲಯಗಳಾದವು. ಕೆಲವೇ ವರ್ಷಗಳಲ್ಲಿ, 2025ರ ಫೆಬ್ರವರಿಯಲ್ಲಿ, ಅಂತಹ ಹೊಸ ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ಮಾತು ಸಚಿವ ಸಂಪುಟದ ಉಪಸಮಿತಿಯಿಂದಲೇ ಬಂತು. ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಳಿಗಂತೂ ವಿಶ್ವವಿದ್ಯಾನಿಲಯವೆಂದರೆ ಈಗಲೂ ಮಾನಸಗಂಗೋತ್ರಿಯೇ.

ಹಾಗಾದರೆ ಕನ್ನಡ ವಿಭಾಗಗಳ ಕೈಯಲ್ಲಿ ಇರುವುದೇನು? ಅನುದಾನ ಆಯೋಗದ 2024ರ ಪ್ರಕಟಣೆ ವಿಶ್ವವಿದ್ಯಾನಿಲಯಗಳಿಗೆ ನೆಟ್ ಅಂಕಗಳನ್ನು ಬಳಸುವ ಅವಕಾಶವನ್ನು ಮುಂದಿಡುತ್ತದೆ. ಆ ಅವಕಾಶವನ್ನು ಎಲ್ಲ ವಿಷಯಗಳಿಗೂ ಒಂದೇ ಸಮನೆ ಅನ್ವಯಿಸುವ ಮುನ್ನ ಭಾಷಾ ವಿಭಾಗಗಳ ಅಭಿಪ್ರಾಯವನ್ನು ಕೇಳಬೇಕೆಂದು ಅಧ್ಯಯನ ಮಂಡಳಿಗಳು ಲಿಖಿತವಾಗಿ ಒತ್ತಾಯಿಸಬಹುದು. ಕೆ-ಸೆಟ್ ತೇರ್ಗಡೆಯಾದವರನ್ನು ಪ್ರವೇಶ ಪರೀಕ್ಷೆಯಿಂದ ಮುಕ್ತಗೊಳಿಸುವ ಪದ್ಧತಿ ರಾಜ್ಯದ ವಿಶ್ವವಿದ್ಯಾನಿಲಯಗಳಲ್ಲಿ ನಡೆದುಬಂದಿದೆ. ನೆಟ್ ಅಂಕಗಳ ಭರಾಟೆಯಲ್ಲಿ ಅದು ಕೈಬಿಟ್ಟುಹೋಗದಂತೆ ನೋಡಿಕೊಳ್ಳುವುದು ಅಗತ್ಯ. ವಿಭಾಗವೇ ನಡೆಸುವ ಪರೀಕ್ಷೆಯಲ್ಲಿ ಹಸ್ತಪ್ರತಿಯ ಒಂದು ಪುಟ, ಶಾಸನದ ಒಂದು ಪಾಠ, ಒಂದು ಆಧುನಿಕ ಗದ್ಯ ಇವುಗಳ ಓದನ್ನು ಅಳೆಯಬಹುದು. ಉತ್ತರಪತ್ರಿಕೆಯನ್ನು ಹೊರಗಿನ ವಿಶ್ವವಿದ್ಯಾನಿಲಯದವರಿಂದ ಮೌಲ್ಯಮಾಪನ ಮಾಡಿಸಿದರೆ ಪಕ್ಷಪಾತದ ದೂರಿಗೂ ಉತ್ತರ ಸಿಗುತ್ತದೆ. ಇದರಿಂದ ವಿಭಾಗದ ಕೆಲಸ ಹೆಚ್ಚುತ್ತದೆ ಎಂಬುದು ನಿಜ. ಬಹುವಿಧ ಆಯ್ಕೆಯ ಪ್ರಶ್ನೆಗಳ ಜನಪ್ರಿಯತೆಗೆ ಮೌಲ್ಯಮಾಪಕರ ಸೋಮಾರಿತನವೂ ಸ್ವಲ್ಪ ಕಾರಣ.

ತಾಲ್ಲೂಕಿನ ಪ್ರಥಮ ದರ್ಜೆ ಕಾಲೇಜುಗಳ ಅಧ್ಯಾಪಕರ ಪಾತ್ರ ಇನ್ನೂ ಮುಖ್ಯವಾದುದು. ಎಂ.ಎ. ಮುಗಿಸಿ ಊರಿಗೆ ಮರಳಿದ ವಿದ್ಯಾರ್ಥಿಗೆ ವಿಶ್ವವಿದ್ಯಾನಿಲಯದೊಂದಿಗೆ ಉಳಿಯುವ ನಂಟು ಅವರೇ. ನೆಟ್ ಇರುವವರೆಗೆ ಅದಕ್ಕೆ ಸಿದ್ಧಪಡಿಸದೆ ಗತಿಯಿಲ್ಲ. ಪೇಟೆಯ ತರಬೇತಿ ಕೇಂದ್ರದ ಶುಲ್ಕ ಕೊಡಲಾರದವರಿಗೆ ಕೆ-ಸೆಟ್‌ನ ಹಳೆಯ ಮೊದಲ ಪತ್ರಿಕೆಗಳಿಗಿಂತ ಒಳ್ಳೆಯ ಸಾಧನ ಸಿಗಲಾರದು. ಎಡಕ್ಕೆ ಒಂದು ಭಾಷೆ, ಬಲಕ್ಕೆ ಇನ್ನೊಂದು ಭಾಷೆಯಂತೆ ಅದೇ ಪಠ್ಯಕ್ರಮದ ಪ್ರಶ್ನೆಗಳು ಅಲ್ಲಿ ಅಕ್ಕಪಕ್ಕದಲ್ಲಿವೆ; ಕನ್ನಡದಲ್ಲಿ ಅರ್ಥ ಮಾಡಿಕೊಂಡು ಇಂಗ್ಲಿಷಿನ ಪದವನ್ನು ಗುರುತಿಸಲು ಅದೇ ಪಾಠವಾಗುತ್ತದೆ. ಹುಣಸೂರಿನಲ್ಲೋ ಕೋಟೆಯಲ್ಲೋ ಶನಿವಾರದ ಮಧ್ಯಾಹ್ನಗಳಲ್ಲಿ ಇಂತಹ ಒಂದು ಓದಿನ ಕೂಟ ನಡೆಸಲು ಸರ್ಕಾರದ ಆದೇಶ ಬೇಕಿಲ್ಲ, ಹಳ್ಳಿಗಳ ಕಡೆಗೆ ಹೊರಡುವ ಸಂಜೆಯ ಬಸ್ಸಿನ ವೇಳೆಯೊಳಗೆ ಅದನ್ನು ಮುಗಿಸಿದರೆ ಸಾಕು. ಮೊದಲ ಪತ್ರಿಕೆಯನ್ನು ಕನ್ನಡದಲ್ಲೂ ಕೊಡಬೇಕೆಂಬ ಬೇಡಿಕೆ ಆಯೋಗಕ್ಕೆ ಹೋಗುವುದಾದರೆ ಆ ಮನವಿಗೆ ಲಗತ್ತಿಸಬೇಕಾದ ದಾಖಲೆಯೂ ಅದೇ ಪ್ರಶ್ನೆಪತ್ರಿಕೆ. ಅದರ ಕನ್ನಡ ರೂಪ ಈ ರಾಜ್ಯದಲ್ಲಿ ಆಗಲೇ ಸಿದ್ಧವಾಗಿದೆ.